ಅಮೆರಿಕದಲ್ಲಿ ವೀಸಾದ ಮೇಲಿದ್ದು ತೋಟಾ ತುಂಬುವವರಿಗೆ

ಕೋವಿಗೆ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನಂದು ಪೂಜೆ ಸಲ್ಲಿಸುವ ಮನೆಗಳಿಂದ ಬಂದವರು ನಮ್ಮಲ್ಲಿ ಹಲವರಿದ್ದಾರೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಅಂಥ ಮನೆಯವರು ಎಚ್-1ಬಿ ವೀಸಾದಲ್ಲಿ ಅಮೆರಿಕಕ್ಕೆ ಬಂದು, ಕ್ರೀಡಾಸಾಮಗ್ರಿಯ ಅಂಗಡಿಯಲ್ಲಿ ರೈಫಲ್ಲು, ಮದ್ದು, ಗುಂಡುಗಳನ್ನು ಸಾಲಾಗಿ ಇಟ್ಟಿರುವುದನ್ನು ಕಂಡಾಗ, ಇಲ್ಲಿ ಎಲ್ಲರಿಗೂ ಎಲ್ಲವೂ ಮುಕ್ತವೆಂದು ಭಾವಿಸುವುದು ಸಹಜ. ವೀಸಾದ ಮೇಲಿರುವವರ ಮಟ್ಟಿಗೆ ಆ ಭಾವನೆ ಅಪಾಯಕಾರಿ.

ಎಚ್-1ಬಿಯಂಥ ವಲಸೆಯೇತರ ವೀಸಾ ಹೊಂದಿರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ (ಫೆಡರಲ್) ಕಾನೂನು ನಿಷೇಧಿಸುತ್ತದೆ. ಆ ನಿಷೇಧಕ್ಕಿರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಸಾಮಾನ್ಯವಾಗಿ ಒದಗುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ತಗಲುವುದಿಲ್ಲ. ಬಿಡಿಭಾಗಗಳನ್ನು ಕೊಂಡು ತೋಟಾವನ್ನು ಮನೆಯಲ್ಲೇ ತುಂಬುವವರು ಇನ್ನೊಂದು ಮಾತನ್ನು ಗಮನಿಸಬೇಕು. ಆ ಕಾನೂನಿನ ವ್ಯಾಖ್ಯೆಯಲ್ಲಿ ‘ಅಮ್ಯುನಿಷನ್’ ಎಂದರೆ ಸಿದ್ಧ ತೋಟಾ ಮಾತ್ರವಲ್ಲ. ಹಿತ್ತಾಳೆಯ ಖಾಲಿ ಕೇಸು, ಮದ್ದಿಗೆ ಕಿಡಿ ಹತ್ತಿಸುವ ಪ್ರೈಮರ್, ಗುಂಡು, ಮದ್ದು ಇವು ಬಿಡಿಬಿಡಿಯಾಗಿಯೂ ಅದರಲ್ಲಿ ಸೇರುತ್ತವೆ. ಬಂದೂಕು ಇನ್ನೂ ಕೊಂಡಿಲ್ಲ, ಬರೀ ಗುಂಡಿನ ಡಬ್ಬಿ ತರಿಸಿಟ್ಟಿದ್ದೇನೆ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ. ಉಲ್ಲಂಘನೆಗೆ ಗರಿಷ್ಠ ಶಿಕ್ಷೆ 2022ರ ತಿದ್ದುಪಡಿಯ ನಂತರ 15 ವರ್ಷ.

ಆದ್ದರಿಂದ ಪರವಾನಗಿ ಮುಗಿಯುವ ದಿನವನ್ನು ಬರೆದಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ವಾರ್ಷಿಕ ಪರವಾನಗಿ ಜೂನ್ 30ಕ್ಕೆ ಮುಗಿಯುತ್ತದೆ; ಮಾರ್ಚಿಯಲ್ಲಿ ಕೊಂಡರೂ ಅಷ್ಟೇ. ನವೀಕರಿಸದಿದ್ದರೆ ಜುಲೈ 1ರಂದು ಕಪಾಟಿನಲ್ಲಿರುವ ಮದ್ದೇ ಅಪರಾಧದ ಸಾಕ್ಷ್ಯವಾಗುತ್ತದೆ. ಟೆಕ್ಸಸ್‌ನಲ್ಲಿ ಮೋಸಹೋಗುವುದು ಇನ್ನೂ ಸುಲಭ. ಅಲ್ಲಿ ಮಾಲೀಕರ ಒಪ್ಪಿಗೆಯಿರುವ ಖಾಸಗಿ ಜಮೀನಿನಲ್ಲಿ ಕಾಡುಹಂದಿ ಹೊಡೆಯಲು 2019ರಿಂದ ರಾಜ್ಯದ ಪರವಾನಗಿ ಬೇಡ. ಆದರೆ ನಿಮ್ಮ ಕೈಯಲ್ಲಿ ರೈಫಲ್ ಇರಲು ಒಕ್ಕೂಟ ಕಾನೂನಿಗೆ ಆ ಪರವಾನಗಿಯೇ ಬೇಕು. ಜೊತೆಗಿರುವ ಅಮೆರಿಕನ್ ಗೆಳೆಯರು ಬೇಡವೆಂದರೂ ನೀವು ಕೊಳ್ಳಿ. ಎಚ್-4 ವೀಸಾದಲ್ಲಿರುವ ಸಂಗಾತಿಗೂ ಇದೇ ನಿಷೇಧ ಅನ್ವಯಿಸುವುದರಿಂದ, ಕಪಾಟಿನ ಬೀಗದ ಕೈ ಪರವಾನಗಿ ಇರುವವರಲ್ಲೇ ಇರಲಿ.

ಇನ್ನು ಗುಂಡಿನ ಆಯ್ಕೆ. ಹುಲ್ಲುಗಾವಲು, ಬೆಳೆಗಳಿಗೆ ಕಾಟ ಕೊಡುವ ನೆಲ ಅಳಿಲು, ಪ್ರೇರಿ ಡಾಗ್, ಕಯೋಟಿಯಂಥ ಪ್ರಾಣಿಗಳನ್ನು ಇಲ್ಲಿ ವಾರ್ಮಿಂಟ್ ಎನ್ನುತ್ತಾರೆ. ಇವುಗಳಿಗೆ .223 ರೆಮಿಂಗ್ಟನ್ ರೈಫಲಿನಲ್ಲಿ 40ರಿಂದ 55 ಗ್ರೇನ್ ತೂಕದ ಗುಂಡು ವಾಡಿಕೆ. 55 ಗ್ರೇನ್ ಎಂದರೆ ಸುಮಾರು ಮೂರೂವರೆ ಗ್ರಾಂ. ತೆಳು ಹೊದಿಕೆಯ, ತಾಗಿದೊಡನೆ ಚೂರಾಗುವ ಹಾರ್ನಡಿ ವಿ-ಮ್ಯಾಕ್ಸ್‌ನಂಥ ಗುಂಡುಗಳನ್ನು ಬಳಸುವುದರಿಂದ ಪ್ರಾಣಿ ನರಳದೆ ಸಾಯುತ್ತದೆ, ಗುರಿ ತಪ್ಪಿದರೂ ಗುಂಡು ಕಲ್ಲಿಗೆ ಬಡಿದು ಚಿಮ್ಮುವ ಸಂಭವ ಕಡಿಮೆ. ಪೂರ್ತಿ ಲೋಹದ ಹೊದಿಕೆಯ ಅಗ್ಗದ ಗುಂಡನ್ನು ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಕ್ಯಾಲಿಫೋರ್ನಿಯಾದಲ್ಲಿ ಈ ಲೆಕ್ಕ ಬದಲಾಗುತ್ತದೆ. ಬೇಟೆಗಾರರು ಬಿಟ್ಟುಹೋದ ಕಳೇಬರಗಳನ್ನು ತಿಂದು ಸೀಸದ ವಿಷವೇರಿ ಕಾಂಡರ್ ಹದ್ದುಗಳು ಸಾಯುತ್ತಿದ್ದವು. 1982ರಲ್ಲಿ ಆ ಪಕ್ಷಿಗಳು ಉಳಿದಿದ್ದದ್ದೇ 22. ಆ ರಾಜ್ಯವು 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿದೆ. ಇದು ನ್ಯಾಯವಾದ ನಿಯಮವೆಂದೇ ನನ್ನ ಅಭಿಪ್ರಾಯ. ಅಲ್ಲಿ ತಾಮ್ರದ ಗುಂಡು ಬಳಸಬೇಕಾಗುತ್ತದೆ, ಮತ್ತು ತಾಮ್ರವು ಸೀಸಕ್ಕಿಂತ ಹಗುರವಾದ ಕಾರಣ ಅದೇ ತೂಕದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ನೆಟ್ಟಗೆ ಹಾರಲು ವೇಗವಾಗಿ ತಿರುಗಬೇಕು. ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದಿರುವ ಸುರುಳಿ 12 ಅಂಗುಲಕ್ಕೊಮ್ಮೆ ಸುತ್ತುವ ಹಳೆಯ ರೈಫಲ್ಲಿಗೆ 55 ಗ್ರೇನಿನ ಸೀಸದ ಗುಂಡು ಹೊಂದಿದರೂ ಅದೇ ತೂಕದ ತಾಮ್ರದ್ದು ಹೊಂದದಿರಬಹುದು. 9 ಅಥವಾ 8 ಅಂಗುಲದ ಸುರುಳಿಯಾದರೆ ಚಿಂತೆಯಿಲ್ಲ. ಉದ್ದದ ಗುಂಡು ಕೇಸಿನೊಳಗೆ ಹೆಚ್ಚು ಜಾಗ ಹಿಡಿದು ಒತ್ತಡವನ್ನೂ ಏರಿಸಬಹುದಾದ್ದರಿಂದ, ಸೀಸದ ಗುಂಡಿಗೆ ಕೊಟ್ಟ ಮದ್ದಿನ ಅಳತೆಯನ್ನು ತಾಮ್ರದ್ದಕ್ಕೆ ಎಂದಿಗೂ ಬಳಸಬಾರದು. ಗುಂಡು ತಯಾರಿಸಿದವರ ಕೈಪಿಡಿಯಲ್ಲಿ ಆಯಾ ಗುಂಡಿಗೇ ಕೊಟ್ಟಿರುವ ಕನಿಷ್ಠ ಅಳತೆಯಿಂದ ಆರಂಭಿಸಿ, ಒತ್ತಡದ ಚಿಹ್ನೆ ನೋಡುತ್ತಾ ಸ್ವಲ್ಪಸ್ವಲ್ಪವೇ ಏರಬೇಕು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಲಿ.

ಸ್ವಂತ ಬಳಕೆಗೆ ತುಂಬಲು ಒಕ್ಕೂಟದ ಉತ್ಪಾದನಾ ಲೈಸೆನ್ಸ್ ಬೇಡ. ಮಾರಾಟಕ್ಕೆ ತುಂಬುವುದಾದರೆ ಬೇಕು. ವೀಸಾದಲ್ಲಿರುವವರು ಆ ದಾರಿಗೆ ಹೋಗಲೇಬಾರದು, ಏಕೆಂದರೆ ಅದು ಅನುಮತಿಯಿಲ್ಲದ ದುಡಿಮೆಯೂ ಆಗುತ್ತದೆ. ಮದ್ದನ್ನು ಅದರ ಮೂಲ ಡಬ್ಬಿಯಲ್ಲೇ ಇಡಬೇಕು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿರುವವರು ಮದ್ದು ತರಿಸುವ ಮೊದಲು ಕರಾರುಪತ್ರವನ್ನೂ ಊರಿನ ಅಗ್ನಿನಿಯಮವನ್ನೂ ಓದಿಕೊಳ್ಳಬೇಕು.

ಮದ್ದು, ಪ್ರೈಮರ್‌ಗಳನ್ನು ವಿಮಾನದಲ್ಲಿ ಯಾವ ಚೀಲದಲ್ಲೂ ಒಯ್ಯುವಂತಿಲ್ಲ. ಊರಿಗೆ ಹೊರಡುವಾಗ ಶೂಟಿಂಗ್ ರೇಂಜಿಗೆ ಒಯ್ದಿದ್ದ ಚೀಲವನ್ನು ಮಾತ್ರ ತೆಗೆದುಕೊಳ್ಳಬೇಡಿ. ಅದರ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಜೀವಂತ ತೋಟಾ ಬೆಂಗಳೂರಿನ ತಪಾಸಣೆಯಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು, ಮತ್ತು ಆ ದಾಖಲೆಗೆ ಮುಂದಿನ ವೀಸಾ ಸಂದರ್ಶನದಲ್ಲಿ ನೀವು ಉತ್ತರ ಹೇಳಬೇಕಾಗುತ್ತದೆ.