ಮನೆ ಬಾಗಿಲಿಗೆ ದಿನಸಿ: ಕಡಿಮೆ ಖರ್ಚಿನದ್ದನ್ನು ಆರಿಸುವುದು ಹೇಗೆ?

ತುಮಕೂರಿನಲ್ಲಿ ತಿಂಗಳ ಸಾಮಾನನ್ನು ಮೊಬೈಲಿನಲ್ಲೇ ತರಿಸುವವರು ಈಗ ಬಡಾವಣೆಗೆ ಒಂದಷ್ಟು ಮಂದಿ ಸಿಗುತ್ತಾರೆ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವವರಿಗೆ ಅಂಗಡಿ ಸುತ್ತಲು ಹೊತ್ತೆಲ್ಲಿದೆ? ಮಕ್ಕಳು ಬೇರೆ ಊರಲ್ಲಿದ್ದು, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದರೆ ಅಕ್ಕಿ ಮೂಟೆ ಹೊತ್ತು ತರುವವರು ಯಾರು? ಇಂಥವರಿಗೆಲ್ಲ ಇದು ನಿಜವಾಗಿಯೂ ದೊಡ್ಡ ಅನುಕೂಲ.

ಆದರೆ ಖರ್ಚು ಎಲ್ಲ ಕಡೆಯಿಂದಲೂ ಏರುತ್ತಿದೆ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಹೆಚ್ಚಿತು. ಅದೇ ವರ್ಷದ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಬಾಡಿಗೆ, ಶಾಲೆ ಫೀಸು ಇದ್ದೇ ಇವೆ. ಇವುಗಳಲ್ಲಿ ಚೌಕಾಸಿ ನಡೆಯುವುದಿಲ್ಲ. ದಿನಸಿಯಲ್ಲಿ ಮಾತ್ರ ಇನ್ನೂ ಸ್ವಲ್ಪ ಹಿಡಿತ ನಮ್ಮ ಕೈಯಲ್ಲಿದೆ. ಆ ಹಿಡಿತ ಆಫರುಗಳನ್ನು ನೋಡುವುದರಿಂದ ಬರುವುದಿಲ್ಲ. ನಮ್ಮ ಮನೆಗೆ ಬೇಕಾದ ಸಾಮಾನು ಬಾಗಿಲಿಗೆ ಬಂದು ಬೀಳುವ ಹೊತ್ತಿಗೆ ಒಟ್ಟು ಎಷ್ಟಾಯಿತು ಎಂದು ನೋಡುವುದರಿಂದ ಬರುತ್ತದೆ.

ಮೊದಲು ಚೀಟಿ, ಆಮೇಲೆ ಮೊಬೈಲು

ಆ್ಯಪ್ ತೆರೆಯುವ ಮೊದಲೇ ಕಾಗದದ ಮೇಲೆ ಸಾಮಾನು ಚೀಟಿ ಬರೆಯಿರಿ. ಡಬ್ಬಗಳನ್ನು ತೆರೆದು ನೋಡಿಯೇ ಬರೆಯಬೇಕು. ತೊಗರಿಬೇಳೆ ಎಷ್ಟು ಉಳಿದಿದೆ, ಹುರಿಗಡಲೆ ಇದೆಯಾ, ಬಟ್ಟೆ ಸೋಪು ಇನ್ನೆಷ್ಟು ವಾರ ಬರುತ್ತದೆ ಅಂತ. ರೇಷನ್ ಅಂಗಡಿಯಿಂದ ಅಕ್ಕಿ, ರಾಗಿ ಬರುವ ಮನೆಯಾದರೆ ಅಷ್ಟನ್ನು ಮೊದಲೇ ಕಳೆದುಬಿಡಿ.

ಪ್ರತಿ ಸಾಮಾನಿನ ಮುಂದೆ ತೂಕ ಬರೆಯುವುದು ಮುಖ್ಯ. ಬರೀ 'ಎಣ್ಣೆ' ಎಂದು ಬರೆದರೆ ಪರದೆ ಮೇಲೆ ಐದು ಲೀಟರಿನ ಕ್ಯಾನು ಕಂಡಾಗ ಮನಸ್ಸು ಜಾರುತ್ತದೆ. ಇಬ್ಬರೇ ಇರುವ ಮನೆಯಲ್ಲಿ ಐದು ಲೀಟರ್ ಎಣ್ಣೆ ತಿಂಗಳುಗಟ್ಟಲೆ ತೆರೆದು ಕೂತಿರುತ್ತದೆ, ಕೊನೆಕೊನೆಗೆ ಮುಗ್ಗಲು ವಾಸನೆ ಹಿಡಿಯುತ್ತದೆ.

ನಿಮ್ಮ ಬೀದಿಗೆ ಯಾರು ಬರುತ್ತಾರೆ?

ಬಿಗ್‌ಬಾಸ್ಕೆಟ್, ಜಿಯೋಮಾರ್ಟ್, ಇನ್‌ಸ್ಟಾಮಾರ್ಟ್ ಅಂತ ಹೆಸರುಗಳನ್ನು ಎಲ್ಲರೂ ಕೇಳಿದ್ದೇವೆ. ಹೆಸರು ಮುಖ್ಯವಲ್ಲ. ನಿಮ್ಮ ಪಿನ್‌ಕೋಡ್ ಹಾಕಿದಾಗ ಸಾಮಾನು ಬರುತ್ತದೆಯೇ, ಯಾವ ಹೊತ್ತಿಗೆ ಬರುತ್ತದೆ ಎನ್ನುವುದೇ ಮುಖ್ಯ. ಎಸ್.ಎಸ್. ಪುರಂಗೆ ಸಿಗುವ ಸೇವೆ ಕ್ಯಾತ್ಸಂದ್ರದ ಕಡೆಗೂ ಸಿಗಬೇಕೆಂದೇನಿಲ್ಲ. ಬೆಲೆಯೂ ಜಾಗ ನೋಡಿ ಬದಲಾಗುತ್ತದೆ. ಹಾಗಾಗಿ ವಿಳಾಸ ಹಾಕದೆ ಬೆಲೆ ನೋಡಬೇಡಿ. ಬೆಂಗಳೂರಿನಲ್ಲಿರುವ ಮಗ ತನ್ನ ವಿಳಾಸಕ್ಕೆ ಕಂಡ ಬೆಲೆ ಹೇಳಿದರೆ ಅದು ನಿಮ್ಮ ಮನೆಯ ಬೆಲೆಯಲ್ಲ.

ಈ ಪಟ್ಟಿಗೆ ಇನ್ನೊಬ್ಬರನ್ನು ಮರೆಯದೆ ಸೇರಿಸಿ. ಅವರು ನಿಮ್ಮ ಬಡಾವಣೆಯ ದಿನಸಿ ಅಂಗಡಿಯವರು. ವಾಟ್ಸ್‌ಆ್ಯಪ್‌ನಲ್ಲಿ ಚೀಟಿಯ ಫೋಟೊ ಕಳಿಸಿದರೆ ಹುಡುಗನ ಕೈಲಿ ಸಾಮಾನು ಕಳಿಸುವವರು ಎಷ್ಟೋ ಮಂದಿ ಇದ್ದಾರೆ. ಅಂಥ ಕಡೆ ತಲುಪಿಸುವ ಶುಲ್ಕ ಇರುವುದೇ ಅಪರೂಪ. ಕಾಲು ಕಿಲೋ ಬೇಕೆಂದರೂ ಕಟ್ಟಿಕೊಡುತ್ತಾರೆ, ಬೇಳೆ ಚೆನ್ನಾಗಿಲ್ಲ ಎಂದರೆ ಬದಲಾಯಿಸಿ ಕೊಡುತ್ತಾರೆ. ಅವರ ದರವನ್ನೂ ಕೇಳಿ ಬರೆದುಕೊಳ್ಳಿ. ಸುಮ್ನೆ 'ಆನ್‌ಲೈನ್ ಅಗ್ಗ' ಎಂದು ತೀರ್ಮಾನಿಸುವುದು ಅವರಿಗೂ ಅನ್ಯಾಯ, ನಮ್ಮ ಜೇಬಿಗೂ ಅನ್ಯಾಯ.

ಒಂದೇ ಚೀಟಿ, ಕೊನೆಯ ಪರದೆವರೆಗೆ

ಇನ್ನು ಹೋಲಿಕೆ. ಅದೇ ಚೀಟಿಯನ್ನು ಎರಡು ಅಥವಾ ಮೂರು ಕಡೆ ತುಂಬಿಸಿ. ಹಣ ಕಟ್ಟುವ ಪರದೆವರೆಗೂ ಹೋಗಿ, ಅಲ್ಲಿ ನಿಂತುಬಿಡಿ. ಅಲ್ಲಿ ಕಾಣುವ ಮೊತ್ತವನ್ನು ಬರೆದುಕೊಳ್ಳಿ. ಮೊದಲ ಪುಟದಲ್ಲಿ ಕಾಣುವ 'ಶೇ 40 ರಿಯಾಯಿತಿ' ಕಡೆ ನೋಡಲೇಬೇಡಿ.

ಯಾಕೆಂದರೆ ಡೆಲಿವರಿ ಚಾರ್ಜ್, ಹ್ಯಾಂಡ್ಲಿಂಗ್ ಚಾರ್ಜ್, ಪ್ಲಾಟ್‌ಫಾರ್ಮ್ ಫೀ, ಸಣ್ಣ ಆರ್ಡರಿನ ಶುಲ್ಕ, ಮಳೆ ಬಂದರೆ ಅದಕ್ಕೊಂದು ಶುಲ್ಕ, ಎಲ್ಲವೂ ಸೇರಿಕೊಳ್ಳುವುದು ಕೊನೆಯಲ್ಲೇ. 2025ರ ಸೆಪ್ಟೆಂಬರ್ 22ರಿಂದ ಆ್ಯಪ್ ಮೂಲಕ ಆಗುವ ಡೆಲಿವರಿ ಸೇವೆಯ ಮೇಲೆ ಶೇ 18ರ ಜಿಎಸ್‌ಟಿಯೂ ಇದೆ.

ಒಂದು ಲೆಕ್ಕ ನೋಡೋಣ. ನೀವು 350 ರೂಪಾಯಿ ಸಾಮಾನು ತರಿಸಿ ಎಲ್ಲ ಶುಲ್ಕ ಸೇರಿ 40 ರೂಪಾಯಿ ಕೊಟ್ಟಿರಿ ಎಂದುಕೊಳ್ಳಿ. ನೂರಕ್ಕೆ ಹನ್ನೊಂದು ರೂಪಾಯಿಗಿಂತ ಜಾಸ್ತಿ ಹೋಯಿತು. ಅದೇ 40 ರೂಪಾಯಿಯನ್ನು 1,800 ರೂಪಾಯಿ ಸಾಮಾನಿನ ಮೇಲೆ ಕೊಟ್ಟಿದ್ದರೆ ನೂರಕ್ಕೆ ಎರಡು ರೂಪಾಯಿ ಚಿಲ್ಲರೆ. ಆದ್ದರಿಂದ ತಿಂಗಳಿಗೆ ಒಂದು ಅಥವಾ ಎರಡು ದೊಡ್ಡ ಆರ್ಡರ್ ಸಾಕು. ಕೆಲವೇ ನಿಮಿಷದಲ್ಲಿ ತಂದುಕೊಡುವ ಸೇವೆಯನ್ನು ಮಗುವಿಗೆ ಜ್ವರ ಬಂದ ರಾತ್ರಿಗೆ ಇಟ್ಟುಕೊಳ್ಳಿ. ಕೊತ್ತಂಬರಿ ಸೊಪ್ಪಿಗೆ ಬೇಡ.

'ಇನ್ನು 180 ರೂಪಾಯಿ ಸೇರಿಸಿದರೆ ಡೆಲಿವರಿ ಉಚಿತ' ಎಂಬ ಸಾಲು ಎಲ್ಲರನ್ನೂ ಹಿಡಿಯುತ್ತದೆ. 30 ರೂಪಾಯಿ ಉಳಿಸಲು 180 ರೂಪಾಯಿಯ ಚಿಪ್ಸು, ಬಿಸ್ಕತ್ತು ಸೇರಿಸಿದರೆ ಉಳಿದದ್ದೇನು? ಸೇರಿಸಲೇಬೇಕೆಂದರೆ ಮುಂದಿನ ತಿಂಗಳಿಗೆ ಹೇಗೂ ಬೇಕಾಗುವ ಸೋಪು, ಟೂತ್‌ಪೇಸ್ಟ್ ಸೇರಿಸಿ. ಅವು ಕೆಡುವುದಿಲ್ಲ.

ಕೇಳದೇ ಬುಟ್ಟಿಗೆ ಬಂದು ಕೂರುವ ವಸ್ತು, ಮೊದಲೇ ಟಿಕ್ ಆಗಿರುವ ದೇಣಿಗೆ ಅಥವಾ ಟಿಪ್ಸ್, ಕೊನೆಯಲ್ಲಿ ಒಂದೊಂದಾಗಿ ಇಣುಕುವ ಶುಲ್ಕ, 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಅವಸರ. ಇವೆಲ್ಲ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳು. ಇಂಥ 13 ಬಗೆಗಳನ್ನು ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಆದರೂ ಕೊನೆಯ ಪರದೆಯನ್ನು ಮೇಲಿಂದ ಕೆಳಗೆ ಒಮ್ಮೆ ಓದದೆ ಹಣ ಕಟ್ಟಬೇಡಿ.

ಪ್ಯಾಕೆಟ್ ಬೆಲೆ ಬೇಡ, ಕಿಲೋ ಬೆಲೆ ನೋಡಿ

ದುಡ್ಡು ಗೊತ್ತಾಗದಂತೆ ಸೋರುವುದು ಇಲ್ಲೇ. ಮೊದಲೆಲ್ಲ ಎಣ್ಣೆ, ಬಿಸ್ಕತ್ತು, ಸೋಪಿನ ಪುಡಿಯಂಥವನ್ನು ಇಂತಿಷ್ಟೇ ತೂಕದ ಪ್ಯಾಕೆಟ್‌ನಲ್ಲಿ ಮಾರಬೇಕೆಂಬ ನಿಯಮವಿತ್ತು. ಈಗ ಅದಿಲ್ಲ. ಹಾಗಾಗಿ ನೋಡಲು ಒಂದು ಲೀಟರಿನಂತೆಯೇ ಇರುವ ಎಣ್ಣೆ ಪ್ಯಾಕೆಟ್‌ನಲ್ಲಿ 850 ಗ್ರಾಂ ಇರಬಹುದು, 800 ಗ್ರಾಂ ಇರಬಹುದು, 750 ಕೂಡ ಇರಬಹುದು.

ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಒಂದು ಕಿಲೋ ಅಲ್ಲ. ಲೆಕ್ಕಕ್ಕೆಂದು ಒಂದು ಉದಾಹರಣೆ: 850 ಗ್ರಾಂ ಪ್ಯಾಕೆಟ್ 140 ರೂಪಾಯಿ, ಪಕ್ಕದಲ್ಲಿ ಒಂದು ಲೀಟರ್ ಪ್ಯಾಕೆಟ್ 146 ರೂಪಾಯಿ. ಮೊದಲನೆಯದು ಅಗ್ಗ ಅನಿಸುತ್ತದೆ ಅಲ್ವಾ? ನೂರು ಗ್ರಾಂ ಲೆಕ್ಕ ಹಾಕಿ. ಮೊದಲನೆಯದು 16 ರೂಪಾಯಿ 47 ಪೈಸೆ, ಎರಡನೆಯದು 16 ರೂಪಾಯಿ 4 ಪೈಸೆ. ಅಗ್ಗವಾಗಿದ್ದು ಎರಡನೆಯದೇ.

ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಎಂಬ ಬೆಲೆಯನ್ನೂ ಈಗ ಮುದ್ರಿಸಬೇಕು. ಆದರೆ ಅದು ಎಂಆರ್‌ಪಿ ಲೆಕ್ಕದ್ದು. ರಿಯಾಯಿತಿ ಕಳೆದ ಮೇಲಿನ ಕಿಲೋ ಬೆಲೆ ಬೇಕೆಂದರೆ ನೀವೇ ಭಾಗಿಸಿ ನೋಡಬೇಕು. ಫೋನಿನಲ್ಲೇ ಕ್ಯಾಲ್ಕುಲೇಟರ್ ಇದೆ.

ಅಕ್ಕಿಯಲ್ಲಿ ಇನ್ನೊಂದು ವಿಷಯ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟಿನ ಮೇಲೆ ಶೇ 5 ಜಿಎಸ್‌ಟಿ ಬಂತು. ಆಮೇಲೆಯೇ 26 ಕಿಲೋ ಮೂಟೆಗಳು ಅಂಗಡಿಗೆ ಬಂದವು. 25 ಕಿಲೋ ಮೀರಿದ ಮೂಟೆಗೆ ಈ ತೆರಿಗೆ ಇಲ್ಲ. ಒಂದು ಕಡೆ 25ರ ಮೂಟೆ, ಇನ್ನೊಂದು ಕಡೆ 26ರ ಮೂಟೆ ಇದ್ದರೆ ಎರಡನ್ನೂ ಕಿಲೋಗೆ ಇಳಿಸಿಯೇ ಹೋಲಿಸಿ. ಜೊತೆಗೆ ಹಳೆ ಅಕ್ಕಿಯೋ ಹೊಸದೋ, ಸ್ಟೀಮೋ ಅಲ್ಲವೋ ಎಂದು ಓದಿ. ಹೊಸ ಅಕ್ಕಿ ಎರಡು ರೂಪಾಯಿ ಅಗ್ಗಕ್ಕೆ ಸಿಕ್ಕರೂ ಅನ್ನ ಮುದ್ದೆಯಾದರೆ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಹೊಸ ಬ್ರ್ಯಾಂಡನ್ನು ಮೊದಲ ಸಲ ಐದು ಕಿಲೋ ಮಾತ್ರ ತರಿಸಿ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಶಾಂಪೂ, ಸ್ನಾನದ ಸೋಪು, ಬಿಸ್ಕತ್ತುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ತುಪ್ಪ, ಬೆಣ್ಣೆಯದು ಶೇ 12ರಿಂದ 5ಕ್ಕೆ. ಅದಕ್ಕೂ ಹಿಂದಿನ ಬೆಲೆಯನ್ನು ನೆನಪಿಟ್ಟುಕೊಂಡು 'ಈಗ ಅಗ್ಗ ಕೊಡ್ತಿದ್ದಾರೆ' ಎಂದು ಹಿಗ್ಗಬೇಡಿ. ಇಳಿದದ್ದು ತೆರಿಗೆ ಇರಬಹುದು.

ಯಾವುದನ್ನು ತರಿಸಬೇಕು, ಯಾವುದಕ್ಕೆ ನಾವೇ ಹೋಗಬೇಕು

ಭಾರ ಇರುವುದು, ಕೆಡದೇ ಇರುವುದು, ಎಲ್ಲಿ ಕೊಂಡರೂ ಒಂದೇ ಗುಣಮಟ್ಟದ ಬ್ರ್ಯಾಂಡ್ ಸಾಮಾನು ಮನೆಗೆ ಬರಲಿ. ಅಕ್ಕಿ, ಗೋಧಿ ಹಿಟ್ಟು, ಎಣ್ಣೆ, ಸಕ್ಕರೆ, ಬಟ್ಟೆ ಸೋಪಿನ ಪುಡಿ, ಫಿನಾಯಿಲು.

ಬೇಳೆ, ಹುಣಸೆಹಣ್ಣು, ಮೆಣಸಿನಕಾಯಿ, ಕೊಬ್ಬರಿಯನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಕೊಳ್ಳಬೇಕು. ನಮ್ಮ ಜಿಲ್ಲೆ ಹುಣಸೆಗೂ ಕೊಬ್ಬರಿಗೂ ಹೆಸರಾದದ್ದು. ತಿಪಟೂರಿನ ಕೊಬ್ಬರಿ ಇಷ್ಟು ಹತ್ತಿರ ಇರುವಾಗ ಪ್ಲಾಸ್ಟಿಕ್ ಪೊಟ್ಟಣದ 200 ಗ್ರಾಂ ಕೊಬ್ಬರಿ ತುರಿಗೆ ಯಾಕೆ ದುಡ್ಡು ಸುರಿಯಬೇಕು? ಮಂಡಿಪೇಟೆಗೆ ಒಮ್ಮೆ ಹೋಗಿ ಎರಡು ತಿಂಗಳಿಗಾಗುವಷ್ಟು ತಂದಿಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಹಾಗಾಗಿ ಹೋಗುವ ಖರ್ಚೂ ಇಲ್ಲ. ಆಟೊದಲ್ಲೋ ಗಾಡಿಯಲ್ಲೋ ಹೋಗುವುದಾದರೆ ಆ ಬಾಡಿಗೆ, ಪೆಟ್ರೋಲನ್ನೂ ಸಾಮಾನಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಅದನ್ನು ಬಿಟ್ಟು ಲೆಕ್ಕ ಮಾಡುವವರೇ ಹೆಚ್ಚು.

ತರಕಾರಿ ದರ ದಿನಕ್ಕೊಂದು ರೀತಿ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ಅಂತರಸನಹಳ್ಳಿ ಮಾರುಕಟ್ಟೆಗೋ ಮನೆ ಮುಂದೆ ಬರುವ ಗಾಡಿಯವರ ಬಳಿಗೋ ಹೋದರೆ ಆರಿಸಿಕೊಳ್ಳಬಹುದು, ಸಂಜೆ ಹೊತ್ತು ಚೌಕಾಸಿಯನ್ನೂ ಮಾಡಬಹುದು. ಹಾಲು, ಮೊಸರಿನ ಎಂಆರ್‌ಪಿ ಎಲ್ಲೆಡೆ ಒಂದೇ. ಬೀದಿ ಕೊನೆಯ ನಂದಿನಿ ಬೂತ್ ಇರುವಾಗ ಅದಕ್ಕೆ ಶುಲ್ಕ ಕೊಡುವುದು ವ್ಯರ್ಥ.

ಚಂದಾ, ಆಮೇಲೆ ಕಟ್ಟುವುದು

ತಿಂಗಳ ಚಂದಾ ಕಟ್ಟಿದರೆ ಡೆಲಿವರಿ ಉಚಿತ ಎನ್ನುವವರಿದ್ದಾರೆ. ತಿಂಗಳಿಗೆ ಎರಡೇ ಆರ್ಡರ್ ಮಾಡುವ ಮನೆಗೆ ಇದು ಸಾಮಾನ್ಯವಾಗಿ ಗಿಟ್ಟುವುದಿಲ್ಲ. ಚಂದಾ ಕಟ್ಟಿದ್ದೇವೆಂದು ಆರ್ಡರ್ ಜಾಸ್ತಿಯಾಗುವುದೇ ಹೆಚ್ಚು. 'ಈಗ ಕೊಳ್ಳಿ, ಆಮೇಲೆ ಕಟ್ಟಿ' ಎನ್ನುವುದೂ ಸಾಲವೇ. ಬೇಳೆಗೆ ಸಾಲ ಮಾಡುವ ಸ್ಥಿತಿ ಬಂದರೆ ಪರಿಚಯದ ಅಂಗಡಿಯಲ್ಲಿ ಲೆಕ್ಕ ಬರೆಸುವುದೇ ವಾಸಿ. ಅಲ್ಲಿ ಒಂದು ವಾರ ತಡವಾದರೆ ದಂಡ ಬೀಳುವುದಿಲ್ಲ.

ಸಾಮಾನು ಬಂದಾಗ

ಬಿಲ್ಲು ಹಿಡಿದು ಒಂದೊಂದಾಗಿ ಎಣಿಸಿ. ಎಣ್ಣೆ ಪ್ಯಾಕೆಟ್ ಸೋರುತ್ತಿದೆಯಾ ನೋಡಿ. ಬಿಡಿ ತೂಕದ ಸಾಮಾನನ್ನು ಮನೆಯ ತಕ್ಕಡಿಯಲ್ಲಿ ತೂಗಿ. ಮುಗಿಯುವ ದಿನಾಂಕ ತಪ್ಪದೆ ಓದಿ. ಮನೆ ತಲುಪುವಾಗ ಪ್ಯಾಕೆಟ್‌ನ ಬಾಳಿಕೆ ಅವಧಿಯಲ್ಲಿ ಶೇ 30ರಷ್ಟಾದರೂ, ಇಲ್ಲವೇ 45 ದಿನಗಳಾದರೂ ಉಳಿದಿರಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿದೆ. ಏನಾದರೂ ಕೆಟ್ಟಿದ್ದರೆ ಆಗಲೇ ಫೋಟೊ ತೆಗೆಯಿರಿ. ವಯಸ್ಸಾದವರಷ್ಟೇ ಇರುವ ಮನೆಗೆ ದೂರದಿಂದ ಆರ್ಡರ್ ಮಾಡುವ ಮಕ್ಕಳು ಚೀಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಅಮ್ಮನಿಗೂ ಕಳಿಸಿರಲಿ. ಏನು ಬರಬೇಕಿತ್ತು ಎಂದೇ ಗೊತ್ತಿಲ್ಲದೆ ಅವರು ಎಣಿಸುವುದು ಹೇಗೆ?

ತಪ್ಪಾದರೆ

ಮೊದಲು ಆ್ಯಪ್‌ನಲ್ಲೇ ದೂರು ಕೊಡಿ. ಹಣ ವಾಪಸ್ ಎಂದಾಗ ಅವರ ವ್ಯಾಲೆಟ್ ಬೇಡ, ಬ್ಯಾಂಕ್ ಖಾತೆಗೇ ಬರಲಿ ಎಂದು ಆರಿಸಿ. ವ್ಯಾಲೆಟ್‌ಗೆ ಹೋದ ಹಣವನ್ನು ಮತ್ತೆ ಅಲ್ಲೇ ಖರ್ಚು ಮಾಡಬೇಕಾಗುತ್ತದೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ವಂಚಕರ ನಂಬರುಗಳೂ ಇರುತ್ತವೆ. ಆ್ಯಪ್ ಒಳಗಿನ ನಂಬರನ್ನೇ ಬಳಸಿ. ಹಣ ವಾಪಸ್ ಕೊಡಲು ಒಟಿಪಿ ಅಥವಾ ಯುಪಿಐ ಪಿನ್ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋಗಿಯೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಯ ಹೆಸರು, ಸಂಪರ್ಕ ಆ್ಯಪ್‌ನಲ್ಲೇ ಇರಬೇಕು. ಅಲ್ಲೂ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ಕರೆ ಮಾಡುವ ಮೊದಲು ಆರ್ಡರ್ ನಂಬರ್, ಬಿಲ್ಲು, ತೆಗೆದ ಫೋಟೊ, ಮೊದಲು ಕೊಟ್ಟ ದೂರಿನ ನಂಬರ್ ಎದುರಿಗೆ ಇಟ್ಟುಕೊಂಡಿರಿ. ಅವರು ಕೊಡುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.