5 ಗಂಟೆಯ ಓಟಕ್ಕೆ 2 ಗಂಟೆಗೇ ಮನೆ ಬಿಟ್ಟೆ

ನಮ್ಮ ಓಟದ ಗುಂಪಿನ ಹುಡುಗನೊಬ್ಬ ಬರುವ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗುತ್ತಿದ್ದಾನೆ. ಅಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಡೆಯುವ ಹಾಫ್ ಮ್ಯಾರಥಾನ್‌ಗೆ, ಅಂದರೆ 21 ಕಿಲೋಮೀಟರ್ ಓಟಕ್ಕೆ, ಹೆಸರು ಕೊಟ್ಟಿದ್ದಾನೆ. ಮೊನ್ನೆ ಭಾನುವಾರ ಗಾಜನೂರಿನ ಕಡೆ ಓಡಿ ಬಂದು, ಎಲ್ಲರೂ ಕಾಫಿ ಕುಡಿಯುತ್ತಾ ನಿಂತಿದ್ದಾಗ ಕೇಳಿದ. "ಅಕ್ಕ, ಓಟ ಇರೋದು ಬೆಳಗ್ಗೆ ಐದಕ್ಕೆ. ಎರಡೂವರೆ, ಮೂರಕ್ಕೆಲ್ಲ ಹೋಟೆಲಿಂದ ಬಸ್ ಹತ್ತಿ ಅಂತಾರಲ್ಲ. ಅಷ್ಟು ಬೇಗ ಹೋಗಿ ಏನ್ ಮಾಡೋದು?"

"ಅಲ್ಲ ಮಾರಾಯ, ನಾನೂ ಹೀಗೇ ಅಂದ್ಕೊಂಡಿದ್ದೆ" ಅಂದೆ. ಉಳಿದದ್ದನ್ನು ನಿಂತ ಕಾಲಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಶಿವಮೊಗ್ಗದವರಿಗೆ ದೂರದ ಭಯ ಇಲ್ಲ. ವಿನೋಬನಗರದಿಂದ ನೆಹರೂ ಸ್ಟೇಡಿಯಂಗೆ ಸ್ಕೂಟರ್‌ನಲ್ಲಿ ಹತ್ತು ನಿಮಿಷ. ಆರಕ್ಕೆ ಓಟ ಅಂದರೆ ಐದೂಮುಕ್ಕಾಲಿಗೆ ಮನೆಗೆ ಬೀಗ ಹಾಕಿದರೂ ನಡೆಯುತ್ತದೆ. ಗಾಡಿ ಎಲ್ಲೋ ಮರದ ಕೆಳಗೆ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆದರೆ ಗೆರೆ ಹತ್ತಿರ ನಿಂತಿರುತ್ತೇವೆ. ಈ ಅಭ್ಯಾಸವನ್ನೇ ಕಟ್ಟಿಕೊಂಡು ನಾನು ಫ್ಲಾರಿಡಾಕ್ಕೆ ಹೋಗಿದ್ದೆ. ಮಗಳು, ಅಳಿಯ ಇರುವುದು ಓರ್ಲಾಂಡೊದಲ್ಲಿ. ಡಿಸ್ನಿ ಅವರ ಮನೆಯಿಂದ ಅರ್ಧ ಗಂಟೆಯ ದಾರಿ. ಜನವರಿಯ ಓಟದ ವಾರಾಂತ್ಯದಲ್ಲಿ ನಾಲ್ಕು ದಿನ ನಾಲ್ಕು ಓಟ ಇರುತ್ತದೆ. ಗುರುವಾರ 5 ಕಿಲೋಮೀಟರ್, ಶುಕ್ರವಾರ 10, ಶನಿವಾರ ಹಾಫ್, ಭಾನುವಾರ ಫುಲ್ ಮ್ಯಾರಥಾನ್. ಫುಲ್ ಮ್ಯಾರಥಾನ್ ಅಲ್ಲಿ 1994ರಿಂದ ನಡೆಯುತ್ತಿದೆ. ನಾನು 10 ಕಿಲೋಮೀಟರ್‌ಗೂ ಹಾಫ್‌ಗೂ ಹೆಸರು ಕೊಟ್ಟಿದ್ದೆ. ಒಂದಕ್ಕೆ ತಡವಾಗಿ ಹೋದೆ, ಇನ್ನೊಂದಕ್ಕೆ ಬೇಗ ಹೋದೆ. ಹಾಗಾಗಿ ಎರಡರ ರುಚಿಯೂ ನನಗೆ ಗೊತ್ತು.

ಶುಕ್ರವಾರ ಮನೆ ಬಿಟ್ಟಿದ್ದು 3.15ಕ್ಕೆ. ಅರ್ಧ ಗಂಟೆ ದಾರಿ, 3.45ಕ್ಕೆ ತಲುಪುತ್ತೇವೆ, ಓಟಕ್ಕೆ ಇನ್ನೂ ಒಂದೂಕಾಲು ಗಂಟೆ ಇರುತ್ತದೆ, ಇದು ನಮ್ಮ ಲೆಕ್ಕ. ಹೆದ್ದಾರಿಯಲ್ಲಿ ಗಾಡಿ ಸರಾಗವಾಗಿ ಹೋಯಿತು. ಡಿಸ್ನಿಗೆ ತಿರುಗುವ ಕಡೆ ಬಂದಾಗ ಎದುರಿಗೆ ಬರೀ ಕೆಂಪು ದೀಪಗಳು. ಒಂದರ ಹಿಂದೆ ಒಂದು ಕಾರು, ಕಣ್ಣು ಹಾಯುವಷ್ಟು ದೂರ. ಬೆಳಗಿನ ಜಾವ ಮೂರೂವರೆ ದಾಟಿದೆ ಅಷ್ಟೇ, ಅಷ್ಟೊಂದು ಜನ! ಗಾಡಿ ನಿಲ್ಲಿಸಲು ಜಾಗ ಸಿಕ್ಕಿದಾಗ 4.20.

ಹೀಗೇಕೆ ಆಗುತ್ತದೆ ಅನ್ನುವುದು ನನಗೆ ಆಮೇಲೆ ಅರ್ಥ ಆಯಿತು. ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕ್ ಅಲ್ಲ. ಸುಮಾರು 100 ಚದರ ಕಿಲೋಮೀಟರ್ ಜಾಗ, ಅದರೊಳಗೆ ನಾಲ್ಕು ದೊಡ್ಡ ಪಾರ್ಕ್‌ಗಳು, ಹತ್ತಾರು ಹೋಟೆಲ್‌ಗಳು, ಇವನ್ನೆಲ್ಲ ಕೂಡಿಸುವ ರಸ್ತೆಗಳು. ಹಾಫ್ ಓಟ ಎಪ್ಕಾಟ್ ಪಾರ್ಕ್ ಹತ್ತಿರ ಶುರುವಾಗಿ, ಮ್ಯಾಜಿಕ್ ಕಿಂಗ್‌ಡಮ್ ಒಳಗೆ ಹೊಕ್ಕು, ತಿರುಗಿ ಎಪ್ಕಾಟ್‌ಗೇ ಬರುತ್ತದೆ. ಓಡುವುದು ಆ ರಸ್ತೆಗಳ ಮೇಲೇ. ಅಂದರೆ ನಾವು ಕಾರಿನಲ್ಲಿ ಬರುವ ದಾರಿ, ಓಡುವ ದಾರಿ ಹೆಚ್ಚುಕಡಿಮೆ ಒಂದೇ. ಓಟಕ್ಕಾಗಿ ಒಂದೊಂದೇ ರಸ್ತೆ ಮುಚ್ಚುತ್ತಾ ಹೋದ ಹಾಗೆ ಬರುವವರಿಗೆ ಉಳಿಯುವ ದಾರಿ ಕಿರಿದಾಗುತ್ತದೆ. ನಮ್ಮೂರಲ್ಲಿ ಗೋಪಿ ಸರ್ಕಲ್ ಬಂದ್ ಆದರೆ ಯಾವುದೋ ಅಡ್ಡರಸ್ತೆ ಹಿಡಿದು ಬರಬಹುದು. ಅಲ್ಲಿ ಅಡ್ಡರಸ್ತೆ ಅನ್ನುವುದೇ ಇಲ್ಲ. ಅಳಿಯ ಆ ಊರಲ್ಲಿ ಎಂಟು ವರ್ಷದಿಂದ ಇದ್ದಾನೆ, ಅವನಿಗೂ ಬೇರೆ ದಾರಿ ತೋರಲಿಲ್ಲ.

ನನ್ನ ತವರು ತುಮರಿ ಕಡೆ. ಶರಾವತಿ ಹಿನ್ನೀರಿಗೆ 2025ರ ಜುಲೈಯಲ್ಲಿ ಸೇತುವೆ ಆಗುವವರೆಗೂ ಸಾಗರಕ್ಕೆ ಬರಬೇಕು ಅಂದರೆ ನಮಗೆ ಲಾಂಚೇ ಗತಿ. ಮದುವೆ ಸೀಸನ್ನು, ಸಿಗಂದೂರು ದೇವಸ್ಥಾನಕ್ಕೆ ಬರುವ ಜನ, ಎಲ್ಲ ಸೇರಿದ ದಿನ ಲಾಂಚ್ ಹತ್ತುವ ಕಡೆ ಗಾಡಿಗಳ ಸಾಲು ಬೆಳೆಯುತ್ತಿತ್ತು. ಲಾಂಚ್ ತುಂಬಿದರೆ ಮುಗಿಯಿತು, ಇನ್ನೊಂದು ಬರುವವರೆಗೆ ದಡದಲ್ಲಿ ಕೂರಬೇಕು. ಅಪ್ಪ ಹೊರಡುವ ದಿನ ನಮ್ಮನ್ನು ಕತ್ತಲಲ್ಲೇ ಎಬ್ಬಿಸುತ್ತಿದ್ದರು. ಹೊಳೆ ದಾಟಿದ ಮೇಲೆ ಸಾಗರದಲ್ಲಿ ಸುಮ್ನೆ ಎರಡು ಗಂಟೆ ಕೂತರೂ ಅವರಿಗೆ ಬೇಜಾರಿರಲಿಲ್ಲ. ಆ ಕಾರಿನ ಸಾಲಲ್ಲಿ ಕೂತಾಗ ನನಗೆ ಅಪ್ಪನ ನೆನಪು ಬಹಳ ಬಂತು.

ಗಾಡಿ ನಿಂತ ಮೇಲೂ ಮುಗಿಯಲಿಲ್ಲ. ಬ್ಯಾಗ್ ತಪಾಸಣೆಗೆ ಒಂದು ಸಾಲು. ಬ್ಯಾಗ್ ಒಪ್ಪಿಸಲು ಇನ್ನೊಂದು ಸಾಲು. ಶೌಚಾಲಯಕ್ಕೆ ಎಲ್ಲಕ್ಕಿಂತ ಉದ್ದದ ಸಾಲು. ಅಲ್ಲಿಂದ ಓಟ ಶುರುವಾಗುವ ಕಡೆಗೆ ಜನರ ಮಧ್ಯೆ ನಡೆಯುವುದೇ 15-20 ನಿಮಿಷ. ಅಷ್ಟು ದೂರ ಇರುತ್ತದೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ.

ಅಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡುವುದಿಲ್ಲ. ಬೇಲಿ ಕಟ್ಟಿ ಗುಂಪು ಗುಂಪಾಗಿ ನಿಲ್ಲಿಸುತ್ತಾರೆ. ಅದಕ್ಕೆ ಕೊರಾಲ್ ಅನ್ನುತ್ತಾರೆ. ಯಾರು ಯಾವ ಕೊರಾಲ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬಿಬ್ ಮೇಲೆ, ಅಂದರೆ ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ ಮೇಲೆ, ಬರೆದಿರುತ್ತದೆ. ವೇಗದವರು ಮುಂದೆ, ನಿಧಾನದವರು ಹಿಂದೆ. ನನ್ನದು ನಡುವಿನ ಕೊರಾಲ್. ಆದರೆ ನಾನು ಹೋಗುವ ಹೊತ್ತಿಗೆ ಆ ಗುಂಪು ಮುಂದೆ ಸಾಗಿ ಆಗಿತ್ತು. ಕೊನೆಯವರ ಜೊತೆ ನಿಂತೆ. ಗೆರೆ ದಾಟಿದಾಗ ಐದೂಮುಕ್ಕಾಲು ಆಗುತ್ತಾ ಬಂದಿತ್ತು.

ಕೊನೆಗೆ ಹೊರಟರೆ ಏನಾಯಿತು, ನಾನು ಗೆರೆ ದಾಟಿದಾಗಿನಿಂದ ನನ್ನ ಸಮಯ ಲೆಕ್ಕ ಹಾಕುವ ಚಿಪ್ ಇರುತ್ತದಲ್ಲ ಅಂತ ಆ ಹುಡುಗನೂ ಕೇಳಿದ. ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ಅಲ್ಲಿ ಒಂದು ಮೈಲಿಗೆ 16 ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಅನ್ನುವ ನಿಯಮ ಇದೆ. ಕಿಲೋಮೀಟರ್‌ಗೆ ಹತ್ತು ನಿಮಿಷದ ಹತ್ತಿರ. ಹಾಫ್‌ಗೆ ಲೆಕ್ಕ ಹಾಕಿದರೆ ಸುಮಾರು 3 ಗಂಟೆ 30 ನಿಮಿಷ. ಈ ಗಡಿಯಾರ ಶುರುವಾಗುವುದು ನೀವು ಗೆರೆ ದಾಟಿದಾಗ ಅಲ್ಲ, ಎಲ್ಲರಿಗಿಂತ ಕೊನೆಯವರು ದಾಟಿದಾಗ. ಆ ಕೊನೆಯ ಸಾಲಿನಲ್ಲಿ ಬಲೂನ್ ಕಟ್ಟಿಕೊಂಡ ಹೆಂಗಸರು ಇದೇ ವೇಗದಲ್ಲಿ ಬರುತ್ತಾರೆ. ಅವರಿಗಿಂತ ಹಿಂದೆ ಬಿದ್ದವರನ್ನು ಬಸ್ಸಿನಲ್ಲಿ ಕೂರಿಸಿ ಕರೆದುಕೊಂಡು ಹೋಗಬಹುದು. ಹಾಗಾಗಿ ನಡುವಿನ ಕೊರಾಲ್‌ನಲ್ಲಿ ಹೊರಟವರ ಕೈಯಲ್ಲಿ ಅರ್ಧ ಗಂಟೆ ಉಳಿತಾಯ ಇರುತ್ತದೆ. ಕೊನೆಯಲ್ಲಿ ಹೊರಟವರಿಗೆ ಏನೂ ಇರುವುದಿಲ್ಲ. ಶೂ ಲೇಸ್ ಬಿಚ್ಚಿದರೆ ಬಗ್ಗಿ ಕಟ್ಟಲೂ ಮನಸ್ಸು ಬರುವುದಿಲ್ಲ.

ನನ್ನ ವೇಗ ಕಿಲೋಮೀಟರ್‌ಗೆ 8 ನಿಮಿಷ. ಬಲೂನಿನವರು ನನ್ನನ್ನು ಹಿಡಿಯುವ ಮಾತೇ ಇರಲಿಲ್ಲ. ಆದರೂ ಆ 10 ಕಿಲೋಮೀಟರ್ ಪೂರ್ತಿ ನಾನು ಹಿಂದೆ ತಿರುಗಿ ನೋಡುತ್ತಲೇ ಓಡಿದೆ. ಎಪ್ಕಾಟ್‌ನಲ್ಲಿ ದೊಡ್ಡ ಕೊಳದ ಸುತ್ತ ಹನ್ನೊಂದು ದೇಶಗಳ ಮಾದರಿ ಕಟ್ಟಿದ್ದಾರೆ. ಅದನ್ನು ಹಾದು ಓಡಿದರೂ ಏನು ನೋಡಿದೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಮುಗಿಸಿದಾಗ ಪದಕ ಸಿಕ್ಕಿತು, ಖುಷಿ ಸಿಗಲಿಲ್ಲ. ಇದರಲ್ಲಿ ತಪ್ಪು ನಮ್ಮದೇ. ಇಷ್ಟು ಹೊತ್ತಿಗೆ ಬನ್ನಿ ಅಂತ ಅವರು ಮುಂಚೆಯೇ ಹೇಳಿದ್ದರು.

ಅವತ್ತು ಸಂಜೆ 6ಕ್ಕೇ ಮಲಗಿದೆ. ನಮ್ಮ ಕಡೆಯಿಂದ ಹೋಗುವವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಜನವರಿಯಲ್ಲಿ ಶಿವಮೊಗ್ಗಕ್ಕೂ ಫ್ಲಾರಿಡಾಕ್ಕೂ ಹತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ 1 ಗಂಟೆ ಆದಾಗ ಇಲ್ಲಿ ಬೆಳಗ್ಗೆ 11.30. ಹೋದ ಹೊಸತರಲ್ಲಿ ದೇಹ ಇನ್ನೂ ಊರಿನ ಗಡಿಯಾರದಲ್ಲೇ ಇರುತ್ತದೆ. ಮಧ್ಯರಾತ್ರಿ ಕಳೆದ ಕೂಡಲೇ ಎಚ್ಚರ, ಸಂಜೆಯಾದರೆ ನಿದ್ದೆ. ಎಲ್ಲರೂ ಇದನ್ನು ಸರಿ ಮಾಡಿಕೊಳ್ಳಲು ಒದ್ದಾಡುತ್ತಾರೆ. ಓಟಕ್ಕೆ ಹೋಗುವವರು ಒದ್ದಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ನಾಲ್ಕೈದು ದಿನ ಮುಂಚೆ ಹೋಗಿ, ನಿದ್ದೆ ಬಂದಾಗ ಮಲಗಿ, ಎಚ್ಚರ ಆದಾಗ ಎದ್ದರೆ ಸಾಕು. ಅಲ್ಲಿಯವರು ಅಲಾರಾಂ ಇಟ್ಟು ಕಷ್ಟಪಟ್ಟು ಏಳುವ ಹೊತ್ತಿಗೆ ನಾನು ಎದ್ದು, ಮುಖ ತೊಳೆದು, ಅವಲಕ್ಕಿಗೆ ಮೊಸರು ಕಲಸುತ್ತಿದ್ದೆ.

ಶನಿವಾರ 2 ಗಂಟೆಗೆ ಮನೆ ಬಿಟ್ಟೆವು. 2.40ಕ್ಕೆ ಗಾಡಿ ನಿಲ್ಲಿಸಿ ಆಗಿತ್ತು. ಸಾಲೇ ಇರಲಿಲ್ಲ. ತಪಾಸಣೆ ಎರಡು ನಿಮಿಷ. ಶೌಚಾಲಯಕ್ಕೆ ನೇರ ಒಳಗೆ ಹೋದೆ. ನನ್ನ ವಯಸ್ಸಿನ ಹೆಂಗಸರಿಗೆ ಇದು ಸಣ್ಣ ವಿಷಯ ಅಲ್ಲ. ಸಾಲಿಗೆ ಹೆದರಿ ಬೆಳಗ್ಗೆ ನೀರೇ ಕುಡಿಯದೆ ಓಡುವವರನ್ನು ನಾನು ಇಲ್ಲೂ ನೋಡಿದ್ದೇನೆ, ಅಲ್ಲೂ ನೋಡಿದೆ. ಬೇಗ ಹೋದರೆ ಸಮಾಧಾನವಾಗಿ ನೀರು ಕುಡಿಯಬಹುದು. ಮತ್ತೊಮ್ಮೆ ಹೋಗಿ ಬರಲೂ ಸಮಯ ಇರುತ್ತದೆ. 4 ಗಂಟೆ ದಾಟಿದ ಮೇಲೆ ಅದೇ ಜಾಗದಲ್ಲಿ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು.

ಕಾಯುವ ಹೊತ್ತಿಗೂ ತಯಾರಿ ಬೇಕು. ಫ್ಲಾರಿಡಾ ಅಂದರೆ ಬಿಸಿಲಿನ ನಾಡು ಅಂತ ನಂಬಿ ಹೋಗಬೇಡಿ. ಜನವರಿಯ ಬೆಳಗಿನ ಜಾವ ಕೆಲವು ದಿನ ತೀರ್ಥಹಳ್ಳಿಯ ಚಳಿಯನ್ನು ಮೀರಿಸುತ್ತದೆ, ಕೆಲವು ದಿನ ಬೆವರು ಬರುತ್ತದೆ. ಕೂರುವುದು ಪಾರ್ಕಿಂಗ್ ಜಾಗದ ನೆಲದ ಮೇಲೆ, ಟಾರು ತಣ್ಣಗೆ ಕೊರೆಯುತ್ತದೆ. ನಾನು ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿಕೊಂಡು, ನಮ್ಮನೆಯವರ ಹಳೆಯ ಸ್ವೆಟರ್ ಹಾಕಿಕೊಂಡು ಕೂತಿದ್ದೆ. ಓಟ ಶುರುವಾಗುವ ಮುಂಚೆ ಬಿಚ್ಚಿ ಅಲ್ಲೇ ಬಿಟ್ಟರೆ ಆ ಬಟ್ಟೆಗಳನ್ನು ಒಟ್ಟು ಮಾಡಿ ದಾನಕ್ಕೆ ಕೊಡುತ್ತಾರೆ. ಹದಿನೈದು ಮಲೆನಾಡಿನ ಮಳೆಗಾಲ ಕಂಡ ಸ್ವೆಟರ್ ಅದು. ಬೇಲಿ ಮೇಲೆ ಹಾಕಿ ಬರುವಾಗ ಒಂದು ಸಲ ಸವರಿ ಬಂದೆ.

ಆ ಒಂದೂಕಾಲು ಗಂಟೆ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಪಕ್ಕದಲ್ಲಿ ಮೆಕ್ಸಿಕೋದಿಂದ ಬಂದ ಅಜ್ಜಿ, ಮೊಮ್ಮಗಳು ಒಂದೇ ತರಹದ ಅಂಗಿ ಹಾಕಿ ಕೂತಿದ್ದರು. ಬಾಳೆಹಣ್ಣು ಹಂಚಿಕೊಂಡೆವು. 4 ಗಂಟೆಗೆ ಎದ್ದು ನಿಧಾನವಾಗಿ ನಡೆದೆ. ಆ ನಡಿಗೆಯಲ್ಲೇ ಕಾಲು ಬಿಸಿಯಾಯಿತು. ಕೊರಾಲ್‌ನಲ್ಲಿ ನನ್ನ ಜಾಗದಲ್ಲಿ ನಿಂತು ಮೊಣಕಾಲು, ಮೀನಖಂಡ ಎಲ್ಲ ಸಡಿಲ ಮಾಡಿಕೊಂಡೆ. ರಾಷ್ಟ್ರಗೀತೆ ಆಯಿತು. ಗಾಲಿಕುರ್ಚಿಯವರು ಮೊದಲು ಹೊರಟರು. ಒಂದೊಂದು ಗುಂಪು ಹೊರಡುವಾಗಲೂ ಆಕಾಶದಲ್ಲಿ ಬಾಣಬಿರುಸು. 5.30ರ ಸುಮಾರಿಗೆ ನಮ್ಮ ಸರದಿ ಬಂತು.

ಬೇಗ ಹೋದದ್ದಕ್ಕೆ ನಿಜವಾದ ಫಲ ಸಿಕ್ಕಿದ್ದು ಆಮೇಲೆ. ಹಾಫ್ ಓಟದ ಅರ್ಧ ದಾರಿ ಮುಗಿಯುವ ಮುಂಚೆ ಮ್ಯಾಜಿಕ್ ಕಿಂಗ್‌ಡಮ್ ಒಳಗೆ ಹೋಗುತ್ತೇವೆ. ಅಲ್ಲಿ ನೇರ ಬೀದಿ, ಅದರ ತುದಿಯಲ್ಲಿ ಸಿಂಡ್ರೆಲ್ಲಾ ಕೋಟೆ. ನಾನು ಆ ಬೀದಿಗೆ ತಿರುಗಿದಾಗ ಆರೂಮುಕ್ಕಾಲು ಆಗುತ್ತಾ ಬಂದಿತ್ತು. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂಕಾಲು ದಾಟಿದ ಮೇಲೆ. ಇನ್ನೂ ಕತ್ತಲು. ಕೋಟೆ ಪೂರ್ತಿ ದೀಪ. ಎರಡೂ ಕಡೆ ಜನ ಕೂಗುತ್ತಿದ್ದಾರೆ. ಯಾರೋ ಗುರುತಿಲ್ಲದವರು ಬಿಬ್ ಮೇಲಿನ ನನ್ನ ಹೆಸರು ಓದಿ, ತಪ್ಪು ತಪ್ಪಾಗಿ ಕೂಗಿದರು. ಮಗಳು ಚಿಕ್ಕವಳಿದ್ದಾಗ ಟಿವಿಯಲ್ಲಿ ಆ ಕೋಟೆ ತೋರಿಸಿ "ಅಮ್ಮ, ನಾವೂ ಹೋಗೋಣ" ಅಂದಿದ್ದಳು. ಆಗ ನಮ್ಮ ಹತ್ತಿರ ಬೆಂಗಳೂರಿಗೆ ಹೋಗಿ ಬರಲೂ ಹಣ ಹೊಂದಿಸಬೇಕಿತ್ತು. ನಾನು ಓಡುವುದನ್ನು ನಿಲ್ಲಿಸಿ ಬದಿಗೆ ಸರಿದು ನಿಂತೆ. ಕಣ್ಣು ತುಂಬಿತ್ತು. ಎರಡು ನಿಮಿಷ ಹಾಗೇ ನೋಡಿದೆ. ಹಿಂದೆ ತಿರುಗಿ ನೋಡಲಿಲ್ಲ, ನೋಡುವ ಅಗತ್ಯವೇ ಇರಲಿಲ್ಲ. ಕೈಯಲ್ಲಿ ಅರ್ಧ ಗಂಟೆ ಇತ್ತು. ಕೊನೆಯ ಕೊರಾಲ್‌ನಲ್ಲಿ ಹೊರಟಿದ್ದರೆ ಅದೇ ಜಾಗಕ್ಕೆ ಬರುವಾಗ ಬೆಳಕು ಹರಿದಿರುತ್ತಿತ್ತು.

ದಾರಿಯಲ್ಲಿ ಅಲ್ಲಲ್ಲಿ ಕಾರ್ಟೂನ್ ಪಾತ್ರಗಳ ವೇಷ ಹಾಕಿದವರು ನಿಂತಿರುತ್ತಾರೆ. ಫೋಟೋಗೆ ಸಾಲು. ಎರಡು ಕಡೆ ನಿಂತು ಫೋಟೋ ತೆಗೆಸಿಕೊಂಡೆ. ಎಲ್ಲ ಸೇರಿ ಮೂರು ಗಂಟೆಯ ಒಳಗೇ ಮುಗಿಯಿತು.

ಹುಡುಗನಿಗೆ ಇನ್ನೂ ಕೆಲವು ಮಾತು ಹೇಳಿದ್ದೇನೆ. ಬಿಬ್ ಓಟದ ದಿನ ಕೊಡುವುದಿಲ್ಲ, ಮುಂಚಿನ ದಿನಗಳಲ್ಲೇ ಪಾಸ್‌ಪೋರ್ಟ್ ತೋರಿಸಿ ತೆಗೆದುಕೊಳ್ಳಬೇಕು. ಹಿಂದಿನ ರಾತ್ರಿ ಹವಾಮಾನ, ಫೋನಿನ ಸಂದೇಶ ಎರಡನ್ನೂ ನೋಡಬೇಕು. 2017ರಲ್ಲಿ ಸಿಡಿಲಿನ ಭಯಕ್ಕೆ ಇದೇ ಹಾಫ್ ಓಟವನ್ನು ರದ್ದು ಮಾಡಿದ್ದರು. ಬಸ್ಸಿನಲ್ಲಿ ಹೋಗುವವರು ಕೊನೆಯ ಬಸ್ ಯಾವಾಗ ಅಂತ ಕೇಳಲೇಬಾರದು, ಮೊದಲನೆಯದು ಯಾವಾಗ ಅಂತ ಕೇಳಬೇಕು.

ಅವನು ಡಿಸ್ನಿಯ ಹೋಟೆಲ್‌ನಲ್ಲೇ ಇಳಿದುಕೊಳ್ಳುತ್ತಾನೆ. ಅಲ್ಲಿ 3 ಗಂಟೆ ಅಂದರೆ ನಮಗೆ ಮಧ್ಯಾಹ್ನ 1.30. ಆ ಶನಿವಾರ ಊಟಕ್ಕೆ ಕೂರುವ ಮುಂಚೆ ಫೋನ್ ಮಾಡುತ್ತೇನೆ ಅಂತ ಹೇಳಿ ಇಟ್ಟಿದ್ದೇನೆ. ಬಸ್ಸಿನ ಸದ್ದು ಕೇಳಿಸಿದ ಮೇಲೇ ನಾನು ಅನ್ನ ಬಡಿಸಿಕೊಳ್ಳುವುದು.