ಎಲೆಅಡಿಕೆ ಯಾವ ಕಡೆ ಇಟ್ಕೋತೀಯಕ್ಕ?

ಪೌರಕಾರ್ಮಿಕರು ಹಾಜರಿ ಹಾಕುವ ಮಸ್ಟರಿಂಗ್ ಜಾಗಕ್ಕೆ ಬೆಳಗ್ಗೆ 6.30ಕ್ಕೆ ಹೋದರೂ ನಾನು ತಡವೇ. ಹಾಜರಿಗೆ ಮುಂಚೆಯೇ ಎಲೆ, ಸುಣ್ಣ, ಅಡಿಕೆ, ಕಡ್ಡಿಪುಡಿ ಅನ್ನೋ ತಂಬಾಕಿನ ಪುಡಿ ಒಂದು ಸುತ್ತು ಮುಗಿದಿರುತ್ತದೆ. ಅದಕ್ಕೇ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಟಾರ್ಚ್ ತೆಗೆಯುವ ಮೊದಲು ಒಂದು ಬಕೆಟ್ ನೀರಿಟ್ಟು ಎಲ್ಲರಿಗೂ ಬಾಯಿ ಮುಕ್ಕಳಿಸೋಕೆ ಹೇಳುತ್ತೇನೆ.

ಬೆಂಗಳೂರಿನ ಒಂದು ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ನಾನು ಸ್ಟಾಫ್ ನರ್ಸ್. 30 ದಾಟಿದವರಿಗೆಲ್ಲ ಬಾಯಿ, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ 5 ವರ್ಷಕ್ಕೊಮ್ಮೆ ಆಗಬೇಕು ಅನ್ನೋದು ಸರ್ಕಾರದ ಕಾರ್ಯಕ್ರಮ. ಉಳಿದೆರಡಕ್ಕೆ ಪರದೆ, ಮಂಚ ಬೇಕು. ಬಾಯಿಗೆ ಬೀದಿಯೇ ಸಾಕು.

ಮೊದಮೊದಲು "ತಂಬಾಕು ಹಾಕ್ತೀರಾ?" ಅಂತ ಕೇಳುತ್ತಿದ್ದೆ. ಸೊಂಟದಲ್ಲಿ ಎಲೆಅಡಿಕೆ ಚೀಲ ಇಣುಕುತ್ತಿದ್ದರೂ "ಇಲ್ಲ ಸಿಸ್ಟರ್" ಅನ್ನೋರು. ಸುಳ್ಳಲ್ಲ ಅದು. ಅವರ ಲೆಕ್ಕದಲ್ಲಿ ತಂಬಾಕು ಅಂದರೆ ಬೀಡಿ, ಗುಟ್ಕಾ. ಕಡ್ಡಿಪುಡಿ ಎಲೆಅಡಿಕೆಗೇ ಸೇರಿದ್ದು. ಈಗ ಕೇಳೋದು ಒಂದೇ ಮಾತು: "ಯಾವ ಕಡೆ ಇಟ್ಕೋತೀಯಕ್ಕ?" ಬೆರಳು ತಾನಾಗಿ ಒಂದು ಕೆನ್ನೆಗೆ ಹೋಗುತ್ತದೆ. ಹುಣ್ಣು, ಮಚ್ಚೆ ಹೆಚ್ಚಾಗಿ ಸಿಗೋದೂ ಆ ಕೆನ್ನೆಯ ಒಳಗೇ.

ಮೂರು ಬೆರಳು ನಿಲ್ಲಿಸಿ ಬಾಯಿಗೆ ಇಟ್ಟುಕೊಳ್ಳಿ ಅನ್ನುತ್ತೇನೆ. ಹಿಡಿಸದಿದ್ದರೆ, ಸಾರಿನ ಖಾರ ಸುಟ್ಟಂತಾಗುತ್ತೆ ಅಂದರೆ, ಕೆನ್ನೆಯ ಒಳಪದರ ಬಿಗಿಯುತ್ತಿದೆ ಅಂತ. ಬಿಳಿ ಮಚ್ಚೆ ಕಂಡರೆ ಗಾಜ್ ಬಟ್ಟೆಯಿಂದ ಒರೆಸಿ ನೋಡುತ್ತೇನೆ. ಒರೆಸಿದರೂ ಹೋಗದ ಮಚ್ಚೆ, ಅದಕ್ಕಿಂತ ಹೆಚ್ಚಾಗಿ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಇವಿಷ್ಟನ್ನು ಡಾಕ್ಟರು ನೋಡಲೇಬೇಕು. ನೋವಿಲ್ಲವಲ್ಲ ಅಂತ ಸುಮ್ಮನಿರೋರೇ ಜಾಸ್ತಿ. ಶುರುವಲ್ಲಿ ನೋವಿರೋದಿಲ್ಲ, ಅದೇ ತೊಂದರೆ.

"ಕಡ್ಡಿಪುಡಿ ಬಿಟ್ಟೆ, ಬರೀ ಅಡಿಕೆ" ಅಂದವರಿಗೆ ಉತ್ತರ ಹೇಳೋದು ಕಷ್ಟ. ತಂಬಾಕಿಲ್ಲದ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಮ್ಮಲ್ಲಿ ತಾಂಬೂಲವಿಲ್ಲದೆ ಮದುವೆಯಿಲ್ಲ. ಹೇಳುತ್ತೇನೆ, ಕೇಳಿಸಿಕೊಂಡು ನಗುತ್ತಾರೆ.

ನಾನು ಎಡವಿದ್ದು ಇಲ್ಲಿ ಯಾವುದರಲ್ಲೂ ಅಲ್ಲ, ಚೀಟಿಯಲ್ಲಿ. ಒಬ್ಬ ಅಕ್ಕನ ಎಡಗೆನ್ನೆಯಲ್ಲಿ ಕೆಂಪು ಮಚ್ಚೆ ಕಂಡು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಅಂತ ಚೀಟಿ ಬರೆಸಿಕೊಟ್ಟು ರಿಜಿಸ್ಟರಿನಲ್ಲಿ ಗುರುತು ಹಾಕಿ ಮುಂದಿನವರನ್ನು ಕರೆದೆ. ಮೂರು ತಿಂಗಳ ಮೇಲೆ ಮತ್ತೆ ಸಿಕ್ಕರು. ಚೀಟಿ ಎಲೆಅಡಿಕೆ ಚೀಲದಲ್ಲೇ ಇತ್ತು, ನಾಲ್ಕು ಮಡಿಕೆಯಾಗಿ, ಸುಣ್ಣ ಮೆತ್ತಿಕೊಂಡು. ಮಚ್ಚೆ ಹುಣ್ಣಾಗಿತ್ತು. ಒಂದು ದಿನದ ಹಾಜರಿ ಹೋಗುತ್ತೆ, ಮೇಸ್ತ್ರಿ ಬೈತಾರೆ, ಪರೀಕ್ಷೆಗೆ ತುಂಡು ತೆಗೆದರೆ ಹರಡುತ್ತಂತೆ: ಮೂರು ಕಾರಣ ಹೇಳಿದರು. ನಾನು ಒಂದನ್ನೂ ಮೊದಲೇ ವಿಚಾರಿಸಿರಲಿಲ್ಲ.

ಅಂದಿನಿಂದ ಚೀಟಿ ಕೊಟ್ಟವರ ಜೊತೆ ಮೊದಲ ದಿನ ನಾನೋ ಆಶಾ ಕಾರ್ಯಕರ್ತೆಯೋ ಹೋಗುತ್ತೇವೆ. ಹೊಸೂರು ರಸ್ತೆಯ ಕಿದ್ವಾಯಿ 1973ರಿಂದ ಇರುವ ಆಸ್ಪತ್ರೆ, ಊರೂರಿಂದ ಜನ ಬರುತ್ತಾರೆ. ಒಂಟಿಯಾಗಿ ಹೋದವರು ಸಾಲು ನೋಡಿಯೇ ವಾಪಸಾಗುವುದುಂಟು. ಆಧಾರ್, ಬಿಪಿಎಲ್ ಕಾರ್ಡು ಹಿಂದಿನ ರಾತ್ರಿಯೇ ಕವರಿಗೆ ಹಾಕಿಸುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ ಅಂತ ಗೊತ್ತಾದರೆ ಗಂಡಂದಿರೂ ಸ್ವಲ್ಪ ಸಡಿಲವಾಗುತ್ತಾರೆ.

ಆ ಅಕ್ಕನಿಗೆ ಆಪರೇಷನ್ ಆಯಿತು, ಆರು ವಾರ ರೇಡಿಯೇಷನ್ ಆಯಿತು. ಮೂಗಿನ ಟ್ಯೂಬಿನಲ್ಲಿ ತೆಳ್ಳಗೆ ಸೋಸಿದ ರಾಗಿ ಗಂಜಿ ಬಿಡೋದನ್ನು ಅವರ ಮಗಳಿಗೆ ಕಲಿಸಿದೆ. ಆಮೇಲೆ ಬಾಯಿ ಬಿಗಿಯದಂತೆ ವ್ಯಾಯಾಮ: ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಹಿಡಿದು, ಮಧ್ಯಕ್ಕೆ ಇನ್ನೊಂದು ತೂರಿಸೋದು. ಎಂಟು ಕಡ್ಡಿಯಿಂದ ಶುರು ಮಾಡಿದರು. ಅಳುತ್ತಿದ್ದರು, ನನ್ನನ್ನು ಬೈಯುತ್ತಿದ್ದರು.

ಮೊನ್ನೆ ಫೋನ್ ಬಂತು. "ಹದಿನೈದು ಹಿಡೀತು ಸಿಸ್ಟರ್. ಮುದ್ದೆ ಉಂಡೆ. ರೇಡಿಯೇಷನ್ ಆದಮೇಲೆ ಬಾಯಲ್ಲಿ ಎಂಜಲೇ ಬರಲ್ಲ ನೋಡಿ, ಸಾರು ಮಾತ್ರ ಎರಡರಷ್ಟು ಬೇಕು."